ಹೋಗಿ ಬರ್ತೀನಿ ಎಂದು ಓದಿದ್ದು

ನನ್ನ ನಾಲಿಗೆ ಚುರುಕು ಎನ್ನುವುದು ನಂಜನಗೂಡಿನಲ್ಲಿ ಗೊತ್ತಿಲ್ಲದವರಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು ನಾನು. ಈಗಲೂ ಬಜಾರಿನಲ್ಲಿ ನಡೆದು ಹೋದರೆ ತಲೆ ನರೆತ ಗಂಡಸರು ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಾರೆ. ತರಗತಿಯಲ್ಲಿ ಒಬ್ಬರ ತಪ್ಪನ್ನೂ ಬಿಟ್ಟವಳಲ್ಲ. ಅಂಥವಳ ನಾಲಿಗೆಯೇ ಒಂದು ಭಾನುವಾರ ಒಂದು ಮಾತಿನಲ್ಲಿ ತಪ್ಪಿತು. ತಪ್ಪನ್ನು ಒಪ್ಪಿಕೊಳ್ಳಲು ಟಿ. ನರಸೀಪುರದವರೆಗೆ ಬಸ್ಸು ಹತ್ತಬೇಕಾಯಿತು.

ನಮ್ಮ ಬೀದಿಯಲ್ಲಿ ಬ್ಯಾಂಕಿನವರು ಎಂದು ಕರೆಸಿಕೊಳ್ಳುವ ಒಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಆ ಹೆಸರು ಅವರನ್ನು ಬಿಟ್ಟಿಲ್ಲ. ಅವರಿಗೆ ಹೊರದೇಶದ ಸಿನಿಮಾದ ಹುಚ್ಚು. ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಹತ್ತಕ್ಕೆ, ಪರಿಚಯದವರ ಟ್ಯುಟೋರಿಯಲ್ಲಿನ ಮಹಡಿ ಮೇಲಿನ ಹಾಲಿನಲ್ಲಿ ಬಿಳಿ ಪರದೆ ಕಟ್ಟಿ ಒಂದು ಸಿನಿಮಾ ತೋರಿಸುತ್ತಾರೆ. ಸಿನಿಮಾದವರು ಆಡುವುದು ಅವರ ಭಾಷೆ, ಪರದೆಯ ಕೆಳಗೆ ಬರುವುದು ಇಂಗ್ಲಿಷು, ನೋಡಲು ಬರುವವರಲ್ಲಿ ಅರ್ಧ ಜನಕ್ಕೆ ಎರಡೂ ಬಾರದು. ಅದಕ್ಕೆ ನಾನು. ಪರದೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಮೈಕು ಹಿಡಿದು, ಕೆಳಗೆ ಬಂದ ಸಾಲನ್ನು ಕಂಡ ಹಾಗೇ ಕನ್ನಡ ಮಾಡಿ ಓದುವುದು ನನ್ನ ಕೆಲಸ. ಸಂಬಳವಿಲ್ಲ, ಒಂದು ಲೋಟ ಕಾಫಿ ಉಂಟು. ಗತ್ತಂತೂ ಧಾರಾಳ.

ಆ ತಿಂಗಳು ಸ್ಪೇನ್ ದೇಶದ ಸಿನಿಮಾ. ಅದರ ನಿರ್ದೇಶಕ ಪ್ರಪಂಚವೇ ಕೊಂಡಾಡುವ ಮನುಷ್ಯನಂತೆ. ಬ್ಯಾಂಕಿನವರು ವಾರದ ಮೊದಲೇ ನಮ್ಮ ಮನೆ ಜಗಲಿಯಲ್ಲಿ ಕೂತು ಅವನ ಗುಣಗಾನ ಮಾಡಿದರು. "ಮೇಡಂ, ಇದರಲ್ಲಿ ಮಾತು ಬಹಳ ಕಡಿಮೆ. ಪ್ರತಿ ಮಾತೂ ತೂಕದ್ದು. ಮೊದಲೇ ಒಂದು ಸಲ ನೋಡ್ಕೊಂಡುಬಿಡಿ" ಎಂದರು. ನಾನು, "ಮಾತು ಕಡಿಮೆ ಅಂದಮೇಲೆ ನನ್ನ ಗಂಟಲಿಗೂ ಸುಖ, ನೋಡೋದೇನಿದೆ ಬಿಡಿ" ಎಂದು ಕೈ ಕೊಡವಿದೆ. ನೋಡಬೇಕಾಗಿತ್ತು.

ಆಗ ನನ್ನ ತಂಗಿ ನನ್ನ ಜೊತೆಗಿದ್ದಳು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ನಾನೇ ಎತ್ತಿ ಆಡಿಸಿದವಳು. ಅವಳನ್ನು ನರಸೀಪುರಕ್ಕೆ ಕೊಟ್ಟಿತ್ತು. ಅವಳ ಗಂಡ ಗುಂಡ್ಲುಪೇಟೆ ಕಡೆ ಇನ್ನೊಂದು ಸಂಸಾರ ಮಾಡಿಕೊಂಡು ಹತ್ತು ವರ್ಷವಾಗಿತ್ತು. ಹಬ್ಬಕ್ಕೆ ಬಂದು ಉಂಡು ಹೋಗುತ್ತಿದ್ದ, ಅಷ್ಟೆ. ಆ ಹತ್ತು ವರ್ಷವೂ ಇವಳು ಅತ್ತೆಯ ಜೊತೆ, ಮೈದುನನ ಸಂಸಾರದ ಜೊತೆ ಅದೇ ಮನೆಯಲ್ಲಿ ಬಾಳಿದಳು. ಎಂಟು ತಿಂಗಳ ಹಿಂದೆ ಒಂದು ಬ್ಯಾಗು ಹಿಡಿದು ನನ್ನ ಮನೆಗೆ ಬಂದವಳು ವಾಪಸು ಹೋಗಿರಲಿಲ್ಲ. ಈಗ ಕವಲಂದೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ವಾರ್ಡನ್ ಕೆಲಸ ಸಿಕ್ಕಿತ್ತು. ಇರಲು ಕೋಣೆ, ಮೂರು ಹೊತ್ತು ಊಟ. ಬರುತ್ತೇನೋ ಇಲ್ಲವೋ ಎಂದು ಹದಿನೈದು ದಿನದಲ್ಲಿ ಹೇಳಬೇಕಿತ್ತು. ಹೋದರೆ ನರಸೀಪುರದ ಮನೆಯ ಋಣ ತೀರಿದ ಹಾಗೆ.

ನಾನೇನು ಹೇಳುತ್ತಿದ್ದೆ ಎಂದರೆ, ಮುಚ್ಚುಮರೆ ಯಾಕೆ, ದಿನಾ ಒಂದೇ ರಾಗ. "ಗಂಡ ಹಾಳಾಗೋಗ್ಲಿ, ಅತ್ತೆ ದೇವರಂಥೋರು. ಒಂದು ಸಲ ಹೋಗಿ ನೋಡು. ಎಲ್ಲಾ ಕಡ್ಕೊಂಡು ಬರೋದು ಸುಲಭ." ಅವಳು ಸೊಪ್ಪು ಸೋಸುತ್ತಾ ಕೂರುತ್ತಿದ್ದಳು.

ಸಿನಿಮಾ ಇದ್ದ ಭಾನುವಾರವೇ, ಬೆಳಿಗ್ಗೆ ಎಂಟೂವರೆಗೆ, ಆ ಅತ್ತೆ ನಮ್ಮ ಬಾಗಿಲಿಗೆ ಬಂದರು. ಎಪ್ಪತ್ತೈದು ದಾಟಿದ ಜೀವ, ಕೈಯಲ್ಲಿ ನುಗ್ಗೆಕಾಯಿಯ ಕಟ್ಟು, ಸೆರಗಿನ ತುದಿಯಲ್ಲಿ ಬಸ್ಸಿನ ಚೀಟಿ. ಸೊಸೆಯ ಮುಖ ನೋಡಿ, "ಇಳ್ದೋಗಿದ್ದೀಯಲ್ಲ ಮಗ" ಎಂದರು. ಯಾಕೆ ಬಂದರು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೂವರಿಗೂ ಗೊತ್ತಿತ್ತು. ದೋಸೆ ತಿಂದು ಕಾಫಿ ಕುಡಿಯುವ ಹೊತ್ತಿಗೆ ಒಂಬತ್ತೂ ಮುಕ್ಕಾಲು. ನಾನು ಹೋಗದಿದ್ದರೆ ಸಿನಿಮಾ ಮೂಕವಾಗುತ್ತದೆ. "ಅವ್ವಾ, ನೀವೂ ಬನ್ನಿ, ಬಂದು ಮಾತಾಡೋಣ" ಎಂದೆ.

"ನಂಗ್ಯಾಕವ್ವ ಸಿನಿಮಾ?" ಎಂದರು. ಆಮೇಲೆ, "ನೀನು ಓದ್ತೀಯಾ? ಅಂಗಾರೆ ಬತ್ತೀನಿ. ಟೀಚ್ರಮ್ಮ ಓದೋದ ಕೇಳ್ದಂಗಾಯ್ತು" ಎಂದು ಎದ್ದೇಬಿಟ್ಟರು.

ಕತೆ ಇಷ್ಟು. ಸ್ಪೇನಿನ ಒಂದು ಹಳ್ಳಿ. ಅಲ್ಲೊಬ್ಬ ಕುರ್ಚಿ ಹೆಣೆಯುವವನು, ಅವನಿಗೊಬ್ಬಳು ಹೆಂಡತಿ. ಮನೆಯಲ್ಲಿ ಮಾತಿಲ್ಲ, ಜಗಳವೂ ಇಲ್ಲ. ಒಂದು ಬೆಳಿಗ್ಗೆ ಹೆಂಡತಿ ಬೂದು ಬಣ್ಣದ ಕೋಟು ಹಾಕಿಕೊಂಡು ಬಾಗಿಲಿಗೆ ಬರುತ್ತಾಳೆ, ಒಂದು ಮಾತು ಹೇಳುತ್ತಾಳೆ. ಗಂಡ ತಲೆ ಎತ್ತದೆ ಒಂದು ಮಾತು ಹೇಳುತ್ತಾನೆ. ಅವಳು ಹೋಗುತ್ತಾಳೆ. ಆಮೇಲೆ ಮುಕ್ಕಾಲು ಗಂಟೆ ಅವಳೇ ಇಲ್ಲ. ಅವನು ಕುರ್ಚಿ ಹೆಣೆಯುತ್ತಾನೆ, ರೊಟ್ಟಿ ಮುರಿಯುತ್ತಾನೆ, ಬಾಗಿಲು ಮಾತ್ರ ತೆರೆದೇ ಇರುತ್ತದೆ. ಕೊನೆಯಲ್ಲಿ ಹೊರಗೆ ಜಲ್ಲಿಕಲ್ಲಿನ ಮೇಲೆ ಯಾರದೋ ಹೆಜ್ಜೆ ಸದ್ದು. ಅವನು ತಲೆ ಎತ್ತುತ್ತಾನೆ. ಪರದೆ ಕಪ್ಪಾಗುತ್ತದೆ. ಮುಗಿಯಿತು.

ಆ ಬಾಗಿಲಿನ ಮಾತು ಬಂದಾಗ ನಾನು ಓದಿದ್ದು ಹೀಗೆ: ಹೆಂಡತಿ, "ಹೋಗಿ ಬರ್ತೀನಿ." ಗಂಡ, "ಹೂಂ, ಹೋಗಿ ಬಾ."

ದೀಪ ಹಾಕಿದ್ದೇ ತಡ, ಹಾಲಿನಲ್ಲಿ ಸಂತೆ. ಮೊದಲು ಎದ್ದವರು ಬಾಳೆಮಂಡಿಯವರು. ರಸಬಾಳೆ ವ್ಯಾಪಾರದ ದೊಡ್ಡ ಕುಳ, ತಿಂಗಳು ತಪ್ಪದೆ ಬರುತ್ತಾರೆ, ತಿಂಗಳು ತಪ್ಪದೆ ಬೈಯುತ್ತಾರೆ. "ಏನ್ ಸಾ ಇದು? ಎಲ್ಡ್ ಗಂಟೆ ಕುರ್ಚಿ ರಿಪೇರಿ ತೋರ್ಸವ್ನೆ! ಇದ್ಕೆ ಅಷ್ಟು ದೂರದಿಂದ ಸಿನಿಮಾ ತರುಸ್ಬೇಕಾಗಿತ್ತಾ? ನಮ್ಮ ಬೀದೀಲೆ ಒಬ್ಬ ಹೆಣೀತಾ ಕೂತಿರ್ತನಲ್ಲ, ಬಿಟ್ಟಿ ನೋಡ್ಬೋದಾಗಿತ್ತು!"

ಎಲ್ಲರೂ ನಕ್ಕರು. ಬ್ಯಾಂಕಿನವರ ಮುಖ ಮಾತ್ರ ಕೆಂಪಾಯಿತು. "ಸ್ವಾಮೀ, ಆ ಬಾಗಿಲು ಬರೀ ಬಾಗಿಲಲ್ಲ. ಒಂದು ದೇಶ ತನ್ನ ಹಳೇದಕ್ಕೆ ಕಾಯ್ತಾ ಕೂತಿದೆ, ಅದು ಬಾಗಿಲು" ಎಂದರು.

"ದೇಶ ಆದ್ರೆ ಅದಕ್ಕೆ ಚಿಲಕ ಬ್ಯಾಡ್ವಾ ಸಾ?"

ತಗಡೂರಿನಿಂದ ಬರುವ ಅಂಗನವಾಡಿ ಟೀಚರೊಬ್ಬಳಿದ್ದಾಳೆ, ನನ್ನ ಹಳೇ ಶಿಷ್ಯೆ. ಕೈ ಎತ್ತಿ ನಿಂತಳು, ಅಭ್ಯಾಸ ಹೋಗಿಲ್ಲ. "ಮಿಸ್, ನಮ್ಮೂರಲ್ಲೂ ಹೋಗೋರು ಮೂಲೆ ತಿರುಗೋವರ್ಗೂ ಬಾಗ್ಲು ಹಾಕಲ್ಲ ಅಲ್ವಾ? ಆ ಗಂಡನೂ ಅದ್ಕೇ ಹಾಕ್ಲಿಲ್ಲ ಅನ್ಸುತ್ತೆ. ಅವ್ನ ಕಣ್ಣಿಗೆ ಅವ್ಳಿನ್ನೂ ಮೂಲೆ ತಿರುಗಿಲ್ಲ. ಆದ್ರೆ ಮುಂಚೆ ಒಂದಿನ ಆದ್ರೂ ಉಂಡ್ಯಾ ಅಂತ ಕೇಳಿದ್ದಿದ್ರೆ ಅವ್ಳು ಕೋಟ್ ಹಾಕ್ತಾನೇ ಇರ್ಲಿಲ್ಲ." ಇದಕ್ಕೆ ಹೆಂಗಸರೆಲ್ಲ ಹೌದು ಹೌದು ಎಂದರು.

ಕೊನೆಗೆ ಜಗಳ ಒಂದೇ ಕಡೆಗೆ ಬಂದು ನಿಂತಿತು. ಆ ಹೆಜ್ಜೆ ಯಾರದು? ಅವಳು ಬಂದಳೋ ಇಲ್ಲವೋ? ಬಾಳೆಮಂಡಿಯವರು ಅದು ಸಾಲ ಕೇಳಲು ಬಂದವನೇ ಇರಬೇಕು ಎಂದರು. ಬ್ಯಾಂಕಿನವರು, ಗೊತ್ತಾಗಬಾರದು, ಅದೇ ನಿರ್ದೇಶಕನ ಹಿರಿಮೆ ಎಂದರು. ಆಗ ಮೂರನೇ ಸಾಲಿನಿಂದ ತಂಗಿಯ ಅತ್ತೆ ಕೂತಲ್ಲಿಂದಲೇ ಗಟ್ಟಿಯಾಗಿ ಹೇಳಿದರು.

"ಅದ್ಕೇನ್ ಇಷ್ಟ್ ಗಲಾಟೆ? ಬತ್ತಾಳೆ ಕಣ್ರಪ್ಪ. ಅವ್ಳೇ ಬಾಯ್ಬುಟ್ಟು ಯೋಳುದ್ಲಲ್ಲ, ಓಗ್ಬುಟ್ಟು ಬತ್ತೀನಿ ಅಂತ. ಮನ್ಸಿಲ್ದಿದ್ರೆ ಅಂಗಂತಿದ್ಲಾ?"

ಬಾಳೆಮಂಡಿಯವರೂ ತಲೆ ಕೆರೆದುಕೊಂಡು, "ಅಜ್ಜಿ ಪಾಯಿಂಟು ಹಿಡುದ್ರು ಕಣ್ರೀ" ಎಂದರು. ತಂಗಿ ತಲೆ ಬಗ್ಗಿಸಿಕೊಂಡೇ, "ಅವಳು ಬರಲ್ಲ" ಎಂದಳು. ಮೆಲ್ಲಗೆ ಹೇಳಿದ್ದರೂ ನನಗೆ ಕೇಳಿಸಿತು. ನನಗೆ ರೇಗಿತು. "ಅವಳೇ ಬರ್ತೀನಿ ಅಂದಿದ್ದಾಳೆ, ನಿಂದೇನು ವಕಾಲತ್ತು?" ಎಂದು ಮೈಕಿನಲ್ಲೇ ಗದರಿಸಿದೆ. ಎಲ್ಲರೂ ಮತ್ತೆ ನಕ್ಕರು. ತಂಗಿ ನಗಲಿಲ್ಲ.

ಮನೆಗೆ ನಡೆದು ಬರುವಾಗ ಅತ್ತೆಯ ಹೆಜ್ಜೆಗೆ ಹೊಸ ಬಲ ಬಂದಿತ್ತು. ಊಟ ಮಾಡಿದರು, ಎಲೆ ಅಡಿಕೆ ಹಾಕಿಕೊಂಡರು, ಬಸ್ಸಿಗೆ ಹೊರಟರು. ಬಂದ ವಿಷಯವನ್ನು ಎತ್ತಲೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು, "ಕೇಳ್ಬೇಕು ಅಂತ ಬಂದಿದ್ದೆ ಕಣವ್ವ. ಅವ್ಳ ಬಾಯಿ ಯಾಕ್ ನೋಯ್ಸ್ಲಿ, ಬುಡು. ಇಲ್ಲಿಗೆ ಬರೋ ದಿನ ನನ್ ಸೊಸೆನೂ ಅಂಗೇ ಯೋಳಿ ಬಂದವ್ಳೆ. ಆ ಮಾತು ನಂಗೆ ಮರ್ತೇ ಓಗಿತ್ತು, ಇವತ್ತು ಗ್ಯಪ್ತಿಗೆ ಬಂತು" ಎಂದರು. ಕಣ್ಣು ತುಂಬಿಕೊಂಡಿದ್ದರು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಸ್ಪೇನಿನ ಆ ಮಹಾನುಭಾವನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮನೆಗೆ ಬಂದಾಗ ತಂಗಿ ಪಾತ್ರೆ ತೊಳೆಯುತ್ತಿದ್ದಳು. "ಅಕ್ಕ, ಆ ಸಿನಿಮಾದ ಪೆನ್ ಡ್ರೈವ್ ಬ್ಯಾಂಕಿನವರ ಹತ್ತಿರ ಇಸ್ಕೊಂಡು ಬಾ" ಎಂದಳು.

"ಯಾಕೆ?"

"ಇಸ್ಕೊಂಡು ಬಾ ಅಂದೆ."

ಹೋಗಿ ತಂದುಕೊಟ್ಟೆ. ಟೀವಿಗೆ ಸಿಕ್ಕಿಸಿದಳು. ಬಾಗಿಲಿನ ಜಾಗಕ್ಕೆ ಬಂದು ನಿಲ್ಲಿಸಿದಳು. ಹೆಂಡತಿಯ ಕೋಟಿನ ಕೆಳಗೆ ಬಿಳಿ ಅಕ್ಷರದಲ್ಲಿ ಇದ್ದದ್ದು, ಐ ಆಮ್ ಲೀವಿಂಗ್. ಅಷ್ಟೆ. ಮುಂದಕ್ಕೆ ಬಿಟ್ಟಳು. ಗಂಡ ಹೇಳಿದ್ದು, ಗೋ. ಒಂದೇ ಪದ.

ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಒಂದನೇ ಕ್ಲಾಸಿನ ಮಗು ಓದುವುದನ್ನು ತಪ್ಪು ಓದಿದ್ದೆ.

ಅದಕ್ಕೊಂದು ಕಾರಣವಿದೆ, ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನಾನು ಐದಾರು ವರ್ಷದವಳಾಗಿದ್ದಾಗ ಸ್ಕೂಲಿಗೆ ಹೊರಡುತ್ತಾ, "ಅಜ್ಜೀ, ನಾನು ಹೋಗ್ತೀನಿ" ಎಂದಿದ್ದೆ. ಅಜ್ಜಿ ಒಲೆ ಮುಂದಿನಿಂದ ಎದ್ದು ಬಂದು ಬಾಯಿ ಮೇಲೆ ಒಂದು ಏಟು ಕೊಟ್ಟು, "ಬಿಡ್ತು ಅನ್ನು! ಹೋಗ್ತೀನಿ ಅನ್ನೋದು ಯಾರು ಗೊತ್ತಾ? ಹೋಗಿ ಬತ್ತೀನಿ ಅನ್ನು!" ಎಂದಿದ್ದರು. ಬಿಡ್ತು ಎಂದೆ. ಅವತ್ತಿನಿಂದ ಇವತ್ತಿನವರೆಗೆ ಯಾವ ಹೊಸಿಲಿನಲ್ಲೂ ಬರೀ "ಹೋಗ್ತೀನಿ" ನನ್ನ ಬಾಯಿಂದ ಬಂದಿಲ್ಲ, ಹೊರಟವರಿಗೆ ಬರೀ "ಹೋಗು" ಎಂದಿಲ್ಲ. ಆ ಹೆಂಗಸು ಹೊಸಿಲಿನಲ್ಲಿ ನಿಂತಿದ್ದಳು. ನನ್ನ ಕಣ್ಣು ಇಂಗ್ಲಿಷು ಓದಿತು, ನಾಲಿಗೆ ಅಜ್ಜಿಯ ಮಾತು ಕೇಳಿತು.

ಇದನ್ನೇ ತಂಗಿಗೆ ಹೇಳಿದೆ. ಅವಳು ಟೀವಿ ಆರಿಸಿದಳು.

"ಅಭ್ಯಾಸ ಒಂದೇ ಅಲ್ಲ ಅಕ್ಕ. ಎಂಟು ತಿಂಗಳಿಂದ ನೀನು ನಂಗೆ ಹೇಳ್ತಾ ಇರೋದನ್ನೇ ಇವತ್ತು ಮೈಕಲ್ಲಿ ಹೇಳಿದೆ. ನೀನು ಓದಿದ್ದು ಸಿನಿಮಾನಾ, ನಂಗೆ ಬುದ್ಧೀನಾ?"

ನನಗೆ ಸಿಟ್ಟು ಬಂತು. ಆಮೇಲೆ ಸಿಟ್ಟು ಇಳಿಯಿತು, ಯಾಕೆಂದರೆ ಅವಳು ಹೇಳಿದ್ದು ನಿಜ.

"ನಾನು ಅಲ್ಲಿಂದ ಬಂದ ದಿನ ಅತ್ತೆಗೆ ಹೋಗಿ ಬರ್ತೀನಿ ಅಂದಿದ್ದೆ" ಎಂದಳು. "ಬೇರೆ ಏನನ್ನೋಕೆ ನಂಗೆ ಗೊತ್ತಿರ್ಲಿಲ್ಲ. ಕವಲಂದೆಗೆ ಹೋಗೋದು ಅಂತ ನಿರ್ಧಾರ ಮಾಡಿ ವಾರ ಆಯ್ತು. ಅವರ ಮುಖ ನೋಡಿ ಹೇಳೋದು ಹೇಗೆ ಅನ್ನೋದೇ ಗೊತ್ತಾಗ್ತಿಲ್ಲ. ನೀನು ಅದನ್ನ ಇನ್ನೂ ಕಷ್ಟ ಮಾಡಿಟ್ಟೆ." ಅತ್ತುಬಿಟ್ಟಳು. ನನ್ನ ಕೈ ಅವಳ ಬೆನ್ನ ಮೇಲೆ ಹೋಯಿತು.

ಬುಧವಾರ ನರಸೀಪುರದಿಂದ ಅವಳ ಓರಗಿತ್ತಿಯ ಫೋನು ಬಂತು. ಅತ್ತೆ ದೊಡ್ಡ ಸೊಸೆಯ ರೂಮಿಗೆ ಸುಣ್ಣ ಹೊಡೆಸುತ್ತಿದ್ದಾರಂತೆ. ಅದರಲ್ಲಿದ್ದ ಭತ್ತದ ಮೂಟೆಗಳನ್ನೆಲ್ಲ ಹಜಾರಕ್ಕೆ ಹಾಕಿಸಿದ್ದಾರಂತೆ. "ಯಾವಾಗ ಬತ್ತೀರಿ ಅಕ್ಕಾ? ಕೇಳ್ ಕೇಳ್ ನಂಗೆ ತಲೆ ಕೆಟ್ಟೋಯ್ತದೆ" ಎಂದಳು. ತಂಗಿ ಫೋನು ಇಟ್ಟು ನನ್ನ ಮುಖ ನೋಡಿದಳು. "ನಾನೂ ಬರ್ತೀನಿ. ತಪ್ಪು ನಂದು, ನಾನೇ ಹೇಳ್ತೀನಿ" ಎಂದೆ.

ಶುಕ್ರವಾರ ಬೆಳಿಗ್ಗೆ ಹೊರಟೆವು. ಸುತ್ತೂರು ಕಳೆದ ಮೇಲೆ ಕಿಟಕಿಯ ಪಕ್ಕ ಗದ್ದೆಗಳು ಶುರುವಾದವು. ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಇಳಿಯುವ ಹೊತ್ತಿಗೆ ಎಲ್ಲಾ ಮರೆತಿತ್ತು.

ಅತ್ತೆ ನಮ್ಮನ್ನು ಕಂಡು ಸಡಗರದಿಂದ ಕಾಲಿಗೆ ನೀರು ಕೊಟ್ಟರು. ಮೊದಲು ರೂಮು ತೋರಿಸಿದರು. ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಮಂಚಕ್ಕೆ ಹೊಸ ಹೊದಿಕೆ, ಗೂಡಿನಲ್ಲಿ ತಂಗಿಯ ಹಳೇ ಕನ್ನಡಿ, ಒರೆಸಿ ಇಟ್ಟಿದ್ದು. ತಂಗಿ ಬಾಗಿಲಲ್ಲೇ ನಿಂತಳು, ಒಳಗೆ ಕಾಲಿಡಲಿಲ್ಲ. ಅತ್ತೆ ಅವಳ ಕಾಲನ್ನೇ ನೋಡಿದರು.

"ಅವ್ವಾ" ಎಂದೆ. "ಅವತ್ತು ನಾನು ತಪ್ಪು ಓದಿದೆ. ಆ ಹೆಂಗಸು ಬರ್ತೀನಿ ಅಂತ ಹೇಳ್ಲೇ ಇಲ್ಲ. ಹೋಗ್ತೀನಿ ಅಂದಳು, ಅಷ್ಟೆ. ನನ್ನ ಬಾಯಿ ಅಭ್ಯಾಸ, ಬರ್ತೀನಿ ಸೇರಿಸಿಬಿಟ್ಟೆ."

ಅವರು ಮಂಚದ ಮೇಲೆ ಕೂತರು. ಹೊದಿಕೆಯ ಸುಕ್ಕನ್ನು ಅಂಗೈಯಿಂದ ಸವರಿದರು.

"ಮತ್ತೆ ಆ ಗಂಡ? ಅವ್ನೇನಂದ?"

"ಹೋಗು ಅಂದ."

"ಬಾ ಅನ್ಲಿಲ್ವಾ?"

"ಇಲ್ಲ."

"ಓಗ್ಲಿ ಬುಡು, ಅವ್ರಿಬ್ರೂ ನಿಜನಾರೂ ಆಡವ್ರೆ" ಎಂದರು. "ನನ್ ಮಗ ಗುಂಡ್ಲುಪೇಟೆಗೆ ಓದಾಗ್ಲೆಲ್ಲ, ಅವ್ವೋ ಓಗ್ಬುಟ್ಟು ಬತ್ತೀನಿ ಅಂತ ಕಾಲ್ ಮುಟ್ಟಿ ಯೋಳ್ಯೇ ಓಗ್ತಿದ್ದ. ಅತ್ತು ವರ್ಸ ನಾನೂ ಓಗ್ಬುಟ್ಟು ಬಾ ಅಂದೆ, ಇವ್ಳೂ ಓಗ್ಬುಟ್ಟು ಬನ್ನಿ ಅಂದ್ಲು."

ಆಮೇಲೆ ತಂಗಿಯ ಕಡೆ ತಿರುಗಿ, "ಕವಲಂದೆ ಕೆಲ್ಸದ ಸುದ್ದಿ ನಂಗೂ ಬಂದದೆ ಕಣ್ ಮಗ. ಅದ್ನ ಕೇಳಾಕೇ ಅವತ್ತು ಬಂದಿದ್ದು. ಉಂಡ್ಬುಟ್ಟು ಓಗಿ, ಅವರೆಕಾಳ್ ಸಾರ್ ಮಾಡಿದ್ದೀನಿ" ಎಂದರು.

ಉಂಡೆವು. ಅವರು ನಿಂತು ಬಡಿಸಿದರು. ತಂಗಿಯ ಕನ್ನಡಿಯನ್ನು ಹಳೇ ಪಂಚೆಯಲ್ಲಿ ಸುತ್ತಿ ಅವರೇ ಬ್ಯಾಗಿಗೆ ಹಾಕಿದರು. ಕುಂಕುಮ ಕೊಟ್ಟರು, ಮಡಿಲಿಗೆ ತೆಂಗಿನಕಾಯಿ ಇಟ್ಟರು.

ಮೊದಲು ಹೊಸಿಲು ದಾಟಿದವಳು ನಾನು. "ಹೋಗಿ ಬರ್ತೀನಿ ಅವ್ವಾ" ಎಂದೆ. ಮತ್ತೆ ಅದೇ ಮಾತು, ಬೇರೇನು ತಾನೆ ಗೊತ್ತು ನನಗೆ.

"ನೀನು ಓಗ್ಬುಟ್ಟು ಬಾ ಟೀಚ್ರಮ್ಮ" ಎಂದು ನಕ್ಕರು. "ಆ ಸಿನಿಮಾನ ಇನ್ನೊಂದ್ಸಲಿ ಆಕ್ಸು, ಬತ್ತೀನಿ. ಈ ಸಲಿ ಇದ್ದದ್ದ ಇದ್ದಂಗೆ ಓದು."

ತಂಗಿ ಹೊಸಿಲಿನ ಒಳಗೇ ನಿಂತಿದ್ದಳು. ಬಗ್ಗಿ ಅತ್ತೆಯ ಕಾಲು ಮುಟ್ಟಿದಳು, ಎದ್ದಳು, ಬಾಯಿ ತೆರೆದಳು. "ಅತ್ತೇ, ನಾನು..." ಎಂದವಳಿಗೆ ಮುಂದಿನ ಮಾತು ಬರಲಿಲ್ಲ. ಬರ್ತೀನಿ ಎಂದರೆ ಸುಳ್ಳು. ಹೋಗ್ತೀನಿ ಎನ್ನಲು ಯಾವ ನಾಲಿಗೆ ಏಳುತ್ತದೆ?

ಅತ್ತೆ ಅವಳ ತಲೆಯ ಮೇಲೆ ಕೈ ಇಟ್ಟರು.

"ಓಗು ಮಗ" ಎಂದರು.

ಬಿಡ್ತು ಅನ್ನಿ ಎಂಬ ಮಾತು ನನ್ನ ತುಟಿಯವರೆಗೂ ಬಂದಿತ್ತು. ಹಲ್ಲು ಕಚ್ಚಿ ನುಂಗಿಕೊಂಡೆ. ನನ್ನ ಅರವತ್ತೊಂದು ವರ್ಷದಲ್ಲಿ ಯಾರೂ ಯಾರಿಗೂ ಆ ಮಾತನ್ನು ಅಷ್ಟು ಅಕ್ಕರೆಯಿಂದ ಹೇಳಿದ್ದನ್ನು ಕೇಳಿರಲಿಲ್ಲ. ತಂಗಿ ಮೆಟ್ಟಿಲಿಳಿದು ನಡೆದಳು, ನಾನು ಹಿಂದೆ ನಡೆದೆ.

ಮೂಲೆ ಇನ್ನೂ ಹತ್ತು ಹೆಜ್ಜೆ ಇತ್ತು. ನಾನು ತಡೆಯಲಾರದೆ ತಿರುಗಿ ನೋಡಿದೆ. ಅತ್ತೆ ಬಾಗಿಲು ಹಾಕಿಕೊಂಡಿದ್ದರು.